ಹೊಣೆ ಊರಿನದು, ಅಧಿಕಾರ ಕೇಂದ್ರದ್ದು: ವಿಮಾನ ನಿಲ್ದಾಣದ ಸದ್ದು ಮತ್ತು ಸ್ಥಳೀಯ ಆಡಳಿತದ ಕಾನೂನು ಮಿತಿಗಳು



ಒಂದು ಊರಿನ ಜನ ತಮ್ಮ ರಾತ್ರಿಯ ನಿದ್ದೆಯನ್ನು ಕಾಪಾಡಿಕೊಳ್ಳಲು ತಾವೇ ಕಟ್ಟಳೆ ಮಾಡಿಕೊಳ್ಳಬಹುದೇ? ಧ್ವನಿವರ್ಧಕಕ್ಕೆ, ಕಾರ್ಖಾನೆಗೆ, ಮೆರವಣಿಗೆಗೆ ಹೊತ್ತು ಗೊತ್ತು ಮಾಡುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಇದೆ ಎಂಬುದನ್ನು ನಾವು ಸಲೀಸಾಗಿ ಒಪ್ಪುತ್ತೇವೆ. ಅದೇ ಸದ್ದು ಆಕಾಶದಿಂದ ಇಳಿದಾಗ ಉತ್ತರ ಬೇರೆಯಾಗುತ್ತದೆ. ಈ ವ್ಯತ್ಯಾಸ ಹೇಗೆ ಬಂತು, ಅದಕ್ಕೆ ಆಧಾರವೇನು, ಅದು ನ್ಯಾಯವೇ ಎಂಬುದು ಇಂದಿನ ಉಪನ್ಯಾಸದ ವಿಚಾರ.

ಚರ್ಚೆಗೆ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ಆಯ್ದುಕೊಂಡಿದ್ದೇನೆ. ಅಲ್ಲಿ ಊರು, ಕೌಂಟಿ, ರಾಜ್ಯ, ಒಕ್ಕೂಟ ಎಂಬ ಹಲವು ಮಟ್ಟದ ಸರ್ಕಾರಗಳಿವೆ. ಬಹುತೇಕ ದೊಡ್ಡ ವಿಮಾನ ನಿಲ್ದಾಣಗಳು ಊರು, ಕೌಂಟಿ ಅಥವಾ ಸ್ಥಳೀಯ ಪ್ರಾಧಿಕಾರಗಳ ಒಡೆತನದಲ್ಲಿವೆ. ಹಾಗಾಗಿ ಸದ್ದಿನ ಮೇಲೆ ಹತೋಟಿ ಯಾರದು ಎಂಬ ಪ್ರಶ್ನೆ ಅಲ್ಲಿನ ನ್ಯಾಯಾಲಯಗಳಲ್ಲಿ ಎಂಟು ದಶಕ ಹಾದುಬಂದಿದೆ. ಆ ಇತಿಹಾಸದಿಂದ ನನಗೆ ಕಾಣುವ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಸದ್ದಿಗೆ ಪರಿಹಾರ ಕೊಡುವ ಹೊಣೆಯನ್ನು ಕಾನೂನು ಊರಿನ ತಲೆಗೆ ಕಟ್ಟಿತು, ಸದ್ದನ್ನು ತಡೆಯುವ ಅಧಿಕಾರವನ್ನು ಕೇಂದ್ರದ ಕೈಗೆ ಕೊಟ್ಟಿತು. ಹೊಣೆಯೂ ಅಧಿಕಾರವೂ ಹೀಗೆ ಬೇರೆಬೇರೆ ಕೈ ಸೇರಿದಾಗ ಆಡಳಿತದಲ್ಲಿ ನ್ಯಾಯ ಉಳಿಯುವುದಿಲ್ಲ.

1. ಆಕಾಶದ ಒಡೆತನ

ನೆಲದ ಒಡೆಯನಿಗೆ ಅದರ ಮೇಲಿನ ಆಕಾಶವೂ ಸೇರಿದ್ದು ಎಂಬುದು ಇಂಗ್ಲಿಷ್ ಸಾಮಾನ್ಯ ಕಾನೂನಿನ ಹಳೆಯ ನಂಬಿಕೆ. ವಿಮಾನ ಬಂದ ಮೇಲೆ ಅದು ನಿಲ್ಲುವಂತಿರಲಿಲ್ಲ. ಪ್ರತಿಯೊಂದು ಹೊಲದ ಮೇಲೆ ಹಾರಲೂ ಒಡೆಯನ ಅಪ್ಪಣೆ ಬೇಕೆಂದರೆ ವಿಮಾನಯಾನವೇ ಅಸಾಧ್ಯ. 1946ರ ಕಾಸ್ಬಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಳೆಯ ಸಿದ್ಧಾಂತವನ್ನು ಕೈಬಿಟ್ಟಿತು.

ಆ ಪ್ರಕರಣದ ವಿವರಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೋ ಊರಿನ ಹೊರಗೆ ಕಾಸ್ಬಿ ದಂಪತಿಗೆ ಮೂರು ಎಕರೆಗೂ ಕಡಿಮೆ ಜಮೀನಿತ್ತು. ಅಲ್ಲೇ ಮನೆ, ಅಲ್ಲೇ ಕೋಳಿ ಸಾಕಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಕ್ಕದ ವಿಮಾನ ನಿಲ್ದಾಣವನ್ನು ಸೇನೆ ಬಳಸತೊಡಗಿತು. ಬಾಂಬರ್‌ಗಳು ಅವರ ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ, ಅಂದರೆ ಅಲ್ಲಿನ ಅತಿ ಎತ್ತರದ ಮರದ ತುದಿಗಿಂತ 18 ಅಡಿಯಷ್ಟೇ ಮೇಲೆ ಇಳಿದುಬರುತ್ತಿದ್ದವು. ಸದ್ದಿಗೂ ರಾತ್ರಿಯ ಕಣ್ಣು ಕೋರೈಸುವ ಬೆಳಕಿಗೂ ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸಾಯುತ್ತಿದ್ದವು. ಕೆಲವು ದಿನ ಆರು, ಹತ್ತು. ಒಟ್ಟು ಸುಮಾರು 150. ಕಡೆಗೆ ಕೋಳಿ ಸಾಕಣೆಯನ್ನೇ ಬಿಡಬೇಕಾಯಿತು. ಮನೆಯವರಿಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ.

ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎರಡು ಮಾತು ಹೇಳಿದರು. ಮೇಲಿನ ಆಕಾಶ ಸಾರ್ವಜನಿಕ ಹೆದ್ದಾರಿ. ಅಲ್ಲಿ ಯಾರ ಒಡೆತನವೂ ಇಲ್ಲ. ಆದರೆ ನೆಲವನ್ನು ಬಳಸಿ ಬಾಳಲು ಬೇಕಾದಷ್ಟು ಮೇಲಿನ ಜಾಗ ನೆಲದ ಒಡೆಯನದೇ. ಆ ಜಾಗದಲ್ಲಿ ಸರ್ಕಾರದ ವಿಮಾನ ಪದೇಪದೇ ಹಾರಿ ಬದುಕು ಕೆಡಿಸಿದರೆ ಅದು ಭೂಸ್ವಾಧೀನಕ್ಕೆ ಸಮ; ಸಂವಿಧಾನದ ಐದನೆಯ ತಿದ್ದುಪಡಿಯ ಪ್ರಕಾರ ಪರಿಹಾರ ಸಲ್ಲಬೇಕು. ಹಾರಾಟ ನಿಲ್ಲಲಿಲ್ಲ, ಆದರೆ ಅದರಿಂದಾದ ಹಾನಿಗೆ ಬೆಲೆಯುಂಟು ಎಂಬುದು ಸ್ಥಾಪಿತವಾಯಿತು.

2. ಪರಿಹಾರ ಕೊಡಬೇಕಾದವರು ಯಾರು?

ಕಾಸ್ಬಿ ಪ್ರಕರಣದಲ್ಲಿ ಹಾರಿದ್ದು ಒಕ್ಕೂಟ ಸರ್ಕಾರದ್ದೇ ವಿಮಾನ. ನಾಗರಿಕ ವಿಮಾನಗಳ ವಿಷಯದಲ್ಲಿ ಮೂವರು ಪಾಲುದಾರರಿದ್ದಾರೆ: ವಿಮಾನ ಹಾರಿಸುವ ಕಂಪನಿ, ಹಾರಾಟದ ನಿಯಮ ಮಾಡುವ ಒಕ್ಕೂಟ ಸರ್ಕಾರ, ನಿಲ್ದಾಣ ಕಟ್ಟಿದ ಸ್ಥಳೀಯ ಸರ್ಕಾರ. ಇವರಲ್ಲಿ ಹೊಣೆ ಯಾರದು? 1962ರಲ್ಲಿ ಪಿಟ್ಸ್‌ಬರ್ಗ್ ನಿಲ್ದಾಣದ ಬಳಿಯ ಮನೆಯೊಂದರ ವಿಷಯದಲ್ಲಿ, ಗ್ರಿಗ್ಸ್ ಪ್ರಕರಣದಲ್ಲಿ, ಇದಕ್ಕೆ ಉತ್ತರ ಬಂತು. ಅಲ್ಲಿ ವಿಮಾನ ಇಳಿಯುವ ಅಧಿಕೃತ ಮಾರ್ಗದ ಕೆಳಗಿನ ಅಂಚಿಗೂ ಮನೆಯ ಹೊಗೆಗೂಡಿಗೂ ನಡುವೆ ಇದ್ದದ್ದು ಹನ್ನೊಂದು ಅಡಿ ಚಿಲ್ಲರೆ. ಮನೆಯವರು ಮನೆ ಬಿಟ್ಟರು. ನಿಲ್ದಾಣದ ಜಾಗ ಗೊತ್ತು ಮಾಡಿದ್ದು, ಓಡುದಾರಿಯ ದಿಕ್ಕು ನಿರ್ಧರಿಸಿದ್ದು, ಎಷ್ಟು ಭೂಮಿ ಬೇಕೆಂದು ಲೆಕ್ಕ ಹಾಕಿದ್ದು ಕೌಂಟಿ. ಆದ್ದರಿಂದ ಪರಿಹಾರವೂ ಕೌಂಟಿಯದೇ ಎಂದಿತು ಬಹುಮತ.

ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ. ಹಾರಾಟದ ಎತ್ತರ, ದಾರಿ, ನಿಲ್ದಾಣದ ವಿನ್ಯಾಸ ಎಲ್ಲವೂ ರಾಷ್ಟ್ರೀಯ ಯೋಜನೆಯ ಅಂಗವಾಗಿರುವಾಗ ಆ ಜಾಗವನ್ನು ವಶಪಡಿಸಿಕೊಂಡದ್ದು ವಾಸ್ತವದಲ್ಲಿ ಒಕ್ಕೂಟ ಸರ್ಕಾರವೇ ಎಂಬುದು ಅವರ ವಾದವಾಗಿತ್ತು. ಅಂದು ಅದು ಅಲ್ಪಮತದ ಮಾತು. ಮುಂದಿನ ಬೆಳವಣಿಗೆಗಳನ್ನು ನೋಡಿದರೆ ಆ ಭಿನ್ನಮತದ ತೂಕ ಹೆಚ್ಚುತ್ತಲೇ ಬಂದಿದೆ ಎನ್ನದೆ ವಿಧಿಯಿಲ್ಲ.

3. ಬರ್ಬ್ಯಾಂಕ್: ಊರಿನ ಕೈ ಕಟ್ಟಿದ ತೀರ್ಪು

1958ರ ಒಕ್ಕೂಟ ವಿಮಾನಯಾನ ಕಾಯ್ದೆ ಆಕಾಶದ ಆಡಳಿತವನ್ನು ಇಡಿಯಾಗಿ ಒಂದು ಸಂಸ್ಥೆಗೆ ವಹಿಸಿತು. ಅದೇ ಎಫ್‌ಎಎ, ಒಕ್ಕೂಟದ ವಿಮಾನಯಾನ ಆಡಳಿತ. ಜೆಟ್ ವಿಮಾನಗಳ ಕಾಲ ಆರಂಭವಾಗಿ ದೂರುಗಳು ಏರಿದಾಗ, 1968ರಲ್ಲಿ ವಿಮಾನದ ಸದ್ದಿನ ಮಾನದಂಡ ರೂಪಿಸುವ ಅಧಿಕಾರವನ್ನೂ ಸಂಸತ್ತು ಅದಕ್ಕೇ ಕೊಟ್ಟಿತು. 1972ರ ಶಬ್ದ ನಿಯಂತ್ರಣ ಕಾಯ್ದೆ ಆ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಮಾಡಿತು.

ಈ ನಡುವೆ, 1970ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್ ನಗರ ಒಂದು ಕಟ್ಟಳೆ ತಂದಿತ್ತು: ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಹಾಲಿವುಡ್-ಬರ್ಬ್ಯಾಂಕ್ ನಿಲ್ದಾಣದಿಂದ ಜೆಟ್ ವಿಮಾನ ಮೇಲೇರಕೂಡದು. ಇದರಿಂದ ಬಾಧಿತವಾದ ನಿಗದಿತ ಹಾರಾಟ ಒಂದೇ ಒಂದು: ಓಕ್‌ಲ್ಯಾಂಡ್‌ನಿಂದ ಬಂದು ಪ್ರತಿ ಭಾನುವಾರ ರಾತ್ರಿ 11.30ಕ್ಕೆ ಸ್ಯಾನ್ ಡಿಯಾಗೋಗೆ ಹೊರಡುತ್ತಿದ್ದ ವಿಮಾನ. ಹೊರಟಿದ್ದೂ ತಲುಪುತ್ತಿದ್ದುದೂ ಕ್ಯಾಲಿಫೋರ್ನಿಯಾ ರಾಜ್ಯದೊಳಗೇ. ವಾರಕ್ಕೊಂದು ವಿಮಾನದ ಈ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರಲ್ಲಿ 5–4 ಬಹುಮತದಿಂದ ಕಟ್ಟಳೆ ರದ್ದಾಯಿತು.

ಬಹುಮತದ ತೀರ್ಪು ಬರೆದವರು ಕಾಸ್ಬಿ ದಂಪತಿಗೆ ನ್ಯಾಯ ಕೊಟ್ಟ ಡಗ್ಲಸ್ ಅವರೇ. ಅವರ ತರ್ಕ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಒಂದು ಊರು ರಾತ್ರಿ ಬಾಗಿಲು ಹಾಕಿದರೆ ಮತ್ತೊಂದು ಊರೂ ಹಾಕುತ್ತದೆ. ಆಗ ವಿಮಾನಗಳೆಲ್ಲ ಉಳಿದ ಹೊತ್ತಿಗೆ ಒತ್ತಿಕೊಂಡು ಬರುತ್ತವೆ. ದಟ್ಟಣೆ ಹೆಚ್ಚುತ್ತದೆ, ಆ ಹೊತ್ತಿನ ಸದ್ದೂ ಹೆಚ್ಚುತ್ತದೆ. ಸುರಕ್ಷತೆ, ದಕ್ಷತೆ, ಶಬ್ದ ನಿಯಂತ್ರಣ ಈ ಮೂರನ್ನೂ ಒಟ್ಟಿಗೆ ತೂಗಿಸಲು ಒಕ್ಕೂಟದ ಸಂಸ್ಥೆಗೆ ಪೂರ್ಣ ಹತೋಟಿ ಬೇಕು. ಒಕ್ಕೂಟದ ಕಾನೂನು ಈ ಕ್ಷೇತ್ರವನ್ನು ಇಡಿಯಾಗಿ ವ್ಯಾಪಿಸಿರುವುದರಿಂದ ಊರಿನ ಕಟ್ಟಳೆಗೆ ಜಾಗವಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್, ಜನರ ಆರೋಗ್ಯ ಮತ್ತು ನೆಮ್ಮದಿ ಕಾಯುವುದು ಸ್ಥಳೀಯ ಸರ್ಕಾರಗಳ ಮೂಲಭೂತ ಅಧಿಕಾರ; ಸಂಸತ್ತು ಸ್ಪಷ್ಟವಾಗಿ ಹೇಳದಿರುವಾಗ ಅದನ್ನು ಕಿತ್ತುಕೊಂಡಂತೆ ಭಾವಿಸಬಾರದು ಎಂದರು.

ಆದರೂ ತೀರ್ಪಿನ ಒಂದು ಅಡಿಟಿಪ್ಪಣಿ ಸಣ್ಣ ಬಾಗಿಲನ್ನು ತೆರೆದಿಟ್ಟಿತು. ಬರ್ಬ್ಯಾಂಕ್ ನಿಲ್ದಾಣ ಆಗ ಲಾಕ್‌ಹೀಡ್ ಕಂಪನಿಯ ಸ್ವತ್ತು. ನಗರ ಅದರ ಒಡೆಯನಾಗಿರಲಿಲ್ಲ. ಊರೇ ನಿಲ್ದಾಣದ ಒಡೆಯನಾಗಿದ್ದರೆ ಏನು ಎಂಬುದನ್ನು ಕೋರ್ಟ್ ತೀರ್ಮಾನಿಸಲಿಲ್ಲ. ಗ್ರಿಗ್ಸ್ ತೀರ್ಪಿನ ಪ್ರಕಾರ ಪರಿಹಾರ ಕೊಡಬೇಕಾದವನು ಒಡೆಯ. ಹಾಗಿದ್ದಮೇಲೆ ಆ ಹೊಣೆಯನ್ನು ತಗ್ಗಿಸಿಕೊಳ್ಳುವ ಅಧಿಕಾರವೂ ಅವನಿಗಿರಬೇಕು. ಕೆಳಗಿನ ನ್ಯಾಯಾಲಯಗಳು ಇದೇ ತರ್ಕ ಹಿಡಿದು, ನಿರ್ಬಂಧ ಸಮಂಜಸವಾಗಿರಬೇಕು, ಯಾರಿಗೂ ತಾರತಮ್ಯ ಮಾಡಬಾರದು, ಅಂತರರಾಜ್ಯ ವಾಣಿಜ್ಯಕ್ಕೆ ಅತಿಯಾದ ಹೊರೆಯಾಗಬಾರದು ಎಂಬ ಷರತ್ತಿನ ಮೇಲೆ ಒಡೆಯನ ಅಧಿಕಾರವನ್ನು ಒಪ್ಪಿದವು. 1977ರ ಕಾಂಕಾರ್ಡ್ ವಿಮಾನದ ಪ್ರಕರಣದಲ್ಲಿ ಆ ಷರತ್ತು ಪರೀಕ್ಷೆಗೆ ಬಂತು. ನಿಲ್ದಾಣ ನಡೆಸುವ ನ್ಯೂಯಾರ್ಕಿನ ಬಂದರು ಪ್ರಾಧಿಕಾರಕ್ಕೆ ಸಮಂಜಸ ಶಬ್ದ ನಿಯಮ ಮಾಡುವ ಹಕ್ಕಿದೆ, ನಿಯಮವನ್ನೇ ಮಾಡದೆ ವಿಮಾನವನ್ನು ಕಾಯಿಸುತ್ತಲೇ ಇರುವ ಹಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯಲ್ಲಿ ಒಂದು ಸಮತೋಲವಿತ್ತು. ಹೊಣೆಯೂ ಅಧಿಕಾರವೂ ಒಂದೇ ಕೈಯಲ್ಲಿದ್ದವು, ಮೇಲೆ ನ್ಯಾಯಾಲಯದ ಕಣ್ಣಿತ್ತು.

4. 1990ರ ಕಾಯ್ದೆ ಮತ್ತು ಮುಚ್ಚಿದ ಬಾಗಿಲು

ಆ ಸಮತೋಲ ಹೆಚ್ಚು ಕಾಲ ಉಳಿಯಲಿಲ್ಲ. ಊರೂರಿಗೂ ಬೇರೆ ನಿಯಮವೆಂದು ವಿಮಾನ ಕಂಪನಿಗಳು ಆಕ್ಷೇಪಿಸಿದವು. 1990ರಲ್ಲಿ ಬಜೆಟ್ಟಿಗೆ ಸಂಬಂಧಿಸಿದ ಬೃಹತ್ ಮಸೂದೆಯ ಭಾಗವಾಗಿ ವಿಮಾನ ನಿಲ್ದಾಣ ಶಬ್ದ ಮತ್ತು ಸಾಮರ್ಥ್ಯ ಕಾಯ್ದೆ ಬಂತು. ಅದರಲ್ಲಿ ಒಂದು ಕೊಡುಕೊಳ್ಳುವ ಒಪ್ಪಂದ ಇತ್ತು. 75,000 ಪೌಂಡಿಗಿಂತ ಭಾರವಾದ, ಹೆಚ್ಚು ಸದ್ದಿನ ಎರಡನೆಯ ಹಂತದ ವಿಮಾನಗಳನ್ನು ಕಂಪನಿಗಳು 1999ರ ಕೊನೆಯೊಳಗೆ ಹಿಂತೆಗೆದುಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ, ಕಡಿಮೆ ಸದ್ದಿನ ಮೂರನೆಯ ಹಂತದ ವಿಮಾನಗಳ ಮೇಲೆ ಯಾವ ನಿಲ್ದಾಣವೂ ಹೊಸ ನಿರ್ಬಂಧ ಹೇರುವಂತಿಲ್ಲ. ಹೇರಲೇಬೇಕೆಂದರೆ ಬಾಧಿತ ಕಂಪನಿಗಳೆಲ್ಲ ಒಪ್ಪಬೇಕು. ಇಲ್ಲವೇ ಲಾಭ-ನಷ್ಟದ ಅಧ್ಯಯನ ಸಲ್ಲಿಸಿ, ಕಾಯ್ದೆಯ ಆರು ಷರತ್ತುಗಳನ್ನು ಪೂರೈಸಿ, ಎಫ್‌ಎಎ ಒಪ್ಪಿಗೆ ಪಡೆಯಬೇಕು. ಮೊದಲೇ ಜಾರಿಯಲ್ಲಿದ್ದ ನಿರ್ಬಂಧಗಳಿಗೆ ಮಾತ್ರ ವಿನಾಯಿತಿ.

ಇದರ ಪರಿಣಾಮ ಬರ್ಬ್ಯಾಂಕಿನಲ್ಲೇ ಅತ್ಯಂತ ಸ್ಪಷ್ಟವಾಗಿ ಕಂಡಿತು. 1978ರಲ್ಲಿ ಬರ್ಬ್ಯಾಂಕ್, ಗ್ಲೆಂಡೇಲ್, ಪ್ಯಾಸಡೀನಾ ನಗರಗಳ ಜಂಟಿ ಪ್ರಾಧಿಕಾರ ಆ ನಿಲ್ದಾಣವನ್ನು ಕೊಂಡುಕೊಂಡಿತ್ತು. 1973ರಲ್ಲಿ ಇಲ್ಲದಿದ್ದ ಒಡೆತನ ಈಗ ಸಾರ್ವಜನಿಕರದಾಗಿತ್ತು. ಒಂಬತ್ತು ವರ್ಷ, ಸುಮಾರು 70 ಲಕ್ಷ ಡಾಲರ್ ವ್ಯಯಿಸಿ ಅದು ಅಧ್ಯಯನ ಸಿದ್ಧಪಡಿಸಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಹಾರಾಟ ನಿಲ್ಲಿಸಲು ಅನುಮತಿ ಕೇಳಿತು. ಬೇರೆ ನಿಲ್ದಾಣಗಳ ಮೇಲೆ ಹೊರೆ ಬೀಳುತ್ತದೆ, ವೆಚ್ಚ ಪ್ರಯೋಜನಕ್ಕಿಂತ ಹೆಚ್ಚು ಎಂದು 2009ರಲ್ಲಿ ಎಫ್‌ಎಎ ಅರ್ಜಿ ತಿರಸ್ಕರಿಸಿತು. ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಪೂರ್ವ ದಿಕ್ಕಿನ, ಅಂದರೆ ಮನೆಗಳಿರುವ ಕಡೆಯ, ಕೆಲವೇ ನಿರ್ಗಮನಗಳನ್ನು ತಡೆಯಲು ಲಾಸ್ ಏಂಜಲೀಸ್ ನಿಲ್ದಾಣ ಸಲ್ಲಿಸಿದ ಅರ್ಜಿಗೂ 2014ರಲ್ಲಿ ಇದೇ ಗತಿಯಾಯಿತು. ಊರು ಒಡೆಯನಲ್ಲದಿದ್ದಾಗ ಇಲ್ಲವೆಂದರು. ಒಡೆಯನಾದ ಮೇಲೂ ಇಲ್ಲವೆಂದರು. ಗ್ರಿಗ್ಸ್ ತೀರ್ಪಿನ ಪರಿಹಾರದ ಹೊಣೆ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ನಿಲ್ದಾಣಕ್ಕೆ ಒಕ್ಕೂಟದ ಅನುದಾನ ಬೇಡವೆಂದರೆ ಈ ಕಾಯ್ದೆಯಿಂದ ಬಿಡುಗಡೆ ಸಿಗಬಹುದೇ? ಲಾಂಗ್ ಐಲ್ಯಾಂಡ್‌ನ ಈಸ್ಟ್ ಹ್ಯಾಂಪ್ಟನ್ ಊರು ಇದನ್ನು ಪರೀಕ್ಷಿಸಿತು. 2015ರಲ್ಲಿ ರಾತ್ರಿ ನಿಷೇಧವನ್ನೂ, ಹೆಚ್ಚು ಸದ್ದಿನ ವಿಮಾನಗಳಿಗೆ ವಾರಕ್ಕೊಮ್ಮೆ ಮಾತ್ರ ಬಂದುಹೋಗುವ ಮಿತಿಯನ್ನೂ ತಂದಿತು. ಅನುದಾನ ಪಡೆಯಲಿ ಬಿಡಲಿ, 1990ರ ಕಾಯ್ದೆಯ ವಿಧಾನ ಎಲ್ಲ ಸಾರ್ವಜನಿಕ ನಿಲ್ದಾಣಗಳಿಗೂ ಕಡ್ಡಾಯ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಫ್ಲಾರಿಡಾದ ನೇಪಲ್ಸ್ ಮಾತ್ರ ಗೆದ್ದಿತು. ಅಲ್ಲಿ ತಡೆದದ್ದು ಎರಡನೆಯ ಹಂತದ ಸಣ್ಣ ಜೆಟ್‌ಗಳನ್ನು. ಅದನ್ನೂ ಎಫ್‌ಎಎ ವಿರೋಧಿಸಿತು, 2005ರಲ್ಲಿ ನ್ಯಾಯಾಲಯ ನಿಲ್ದಾಣದ ಪರ ನಿಂತಿತು.

ಸ್ಯಾಂಟಾ ಮೋನಿಕಾ ನಗರದ ಕಥೆ ಇನ್ನೂ ಯೋಚನೆಗೆ ಹಚ್ಚುವಂಥದ್ದು. ವೇಗದ ಜೆಟ್‌ಗಳನ್ನು ತಡೆಯಲು ಹೋಗಿ ಆ ನಗರ 2011ರಲ್ಲಿ ಸೋತಿತು. 2017ರ ರಾಜಿಯಲ್ಲಿ ಒಕ್ಕೂಟ ಸರ್ಕಾರ ಒಪ್ಪಿದ್ದೇನೆಂದರೆ, ಓಡುದಾರಿಯನ್ನು ಮೊಟಕು ಮಾಡಬಹುದು, 2028ರ ಕೊನೆಯ ನಂತರ ನಿಲ್ದಾಣವನ್ನೇ ಮುಚ್ಚಬಹುದು. ಸಮಾಧಾನದ ನಡುದಾರಿಯನ್ನು ಮುಚ್ಚಿದ ಕಾನೂನು ಕಡೆಗೆ ಊರನ್ನು ಇಂಥ ಕೊನೆಯ ಹೆಜ್ಜೆಗೇ ದೂಡುತ್ತದೆ. ಇದರಿಂದ ವಿಮಾನಯಾನಕ್ಕೂ ಲಾಭವಿಲ್ಲ.

5. ಏಕರೂಪತೆಯ ವಾದದ ತೂಕ

ಎದುರು ಪಕ್ಷದ ವಾದವನ್ನು ಪೂರ್ಣವಾಗಿ ಕೇಳಿಸಿಕೊಳ್ಳಬೇಕು. ವಿಮಾನಯಾನ ಸರಪಳಿಯಂಥದ್ದು, ಒಂದು ಕೊಂಡಿ ಸಡಿಲಾದರೆ ದೂರದ ಊರಿನಲ್ಲಿ ವಿಮಾನ ತಡವಾಗುತ್ತದೆ. ರಾತ್ರಿಯ ಸರಕು ಸಾಗಣೆಯಲ್ಲಿ ಔಷಧ ಇರುತ್ತದೆ, ಅಂಚೆ ಇರುತ್ತದೆ. ಒಂದು ಊರಿನ ಮೌನಕ್ಕೆ ಇನ್ನೊಂದು ಊರು ಬೆಲೆ ತೆರಬೇಕಾಗಬಹುದು. ಕೇಂದ್ರದ ಹಾದಿ ಫಲ ಕೊಟ್ಟದ್ದೂ ನಿಜ. ಎಫ್‌ಎಎ ಅಂದಾಜಿನಂತೆ, ನಿಲ್ದಾಣಗಳ ಸುತ್ತ ಹಗಲು-ರಾತ್ರಿ ಸರಾಸರಿ 65 ಡೆಸಿಬೆಲ್‌ಗಿಂತ ಹೆಚ್ಚು ಸದ್ದಿಗೆ ಒಳಗಾದವರು 1970ರ ದಶಕದ ಮಧ್ಯದಲ್ಲಿ ಸುಮಾರು 70 ಲಕ್ಷ. ಈಗ ಸುಮಾರು 4 ಲಕ್ಷ. ಈ ಇಳಿಕೆಯ ಬಹುಪಾಲು ಸುಧಾರಿತ ಎಂಜಿನ್‌ಗಳಿಂದ ಬಂತು. ಯಾವ ನಗರಸಭೆಯ ಕಟ್ಟಳೆಯೂ ಎಂಜಿನ್ನಿನ ವಿನ್ಯಾಸ ಬದಲಿಸಲಾರದು.

ಆದರೆ 65 ಡೆಸಿಬೆಲ್ ಎಂಬ ಗೆರೆಯನ್ನು ಎಳೆದವರು ಯಾರು? ಅದೂ ಕೇಂದ್ರದ್ದೇ ಅಳತೆ. ಈ ಲೆಕ್ಕದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಸದ್ದಿಗೆ 10 ಡೆಸಿಬೆಲ್ ಸೇರಿಸುತ್ತಾರೆ. ಅಂದರೆ ರಾತ್ರಿಯ ಒಂದು ಹಾರಾಟ ಹಗಲಿನ ಹತ್ತಕ್ಕೆ ಸಮ. ಆದರೆ ಕೊನೆಗೆ ಉಳಿಯುವುದು ವರ್ಷದ ಸರಾಸರಿ. ಮನುಷ್ಯ ಎಚ್ಚರಗೊಳ್ಳುವುದು ಸರಾಸರಿಯಿಂದಲ್ಲ, ತಲೆಯ ಮೇಲೆ ಆಗತಾನೇ ಹಾದುಹೋದ ವಿಮಾನದಿಂದ. ಎಫ್‌ಎಎ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 20 ನಿಲ್ದಾಣಗಳ ಸುತ್ತಲಿನ ಹತ್ತು ಸಾವಿರಕ್ಕೂ ಹೆಚ್ಚು ಜನರ ಅಭಿಪ್ರಾಯ ಕೇಳಲಾಗಿತ್ತು. ಹಳೆಯ ಲೆಕ್ಕದ ಪ್ರಕಾರ 65 ಡೆಸಿಬೆಲ್ ಮಟ್ಟದಲ್ಲಿ ತೀವ್ರ ಕಿರಿಕಿರಿ ಅನುಭವಿಸುವವರು ಶೇ. 12ರಷ್ಟು ಇರಬೇಕಿತ್ತು, ಸಮೀಕ್ಷೆಯಲ್ಲಿ ಅವರ ಪಾಲು ಶೇ. 60ನ್ನು ದಾಟಿತ್ತು. ಏಕರೂಪತೆ ಬೇಕು ಎಂಬ ವಾದವನ್ನು ಒಪ್ಪಿದರೂ, ಕೇಂದ್ರದ ಅಳತೆಗೋಲು ಜನರ ಅನುಭವಕ್ಕೆ ಹೊಂದದಿದ್ದಾಗ ಅದನ್ನು ಪ್ರಶ್ನಿಸುವ ಜಾಗ ಊರಿಗೆ ಬೇಡವೇ?

6. ಒಕ್ಕೂಟವೊಂದರ ಬೇರೆ ದಾರಿ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ನಾಲ್ಕು ಕ್ರಮಗಳನ್ನು ಮುಂದಿಟ್ಟಿತು: ಮೂಲದಲ್ಲೇ ಸದ್ದು ತಗ್ಗಿಸುವುದು, ಭೂಬಳಕೆಯ ಯೋಜನೆ, ಹಾರಾಟದ ವಿಧಾನದಲ್ಲಿ ಬದಲಾವಣೆ, ಕೊನೆಯದಾಗಿ ಹಾರಾಟದ ನಿರ್ಬಂಧ. ಇದೇ ಚೌಕಟ್ಟಿನೊಳಗೆ ಯುರೋಪಿನ ದೇಶಗಳು ಸ್ಥಳೀಯರಿಗೆ ಹೆಚ್ಚಿನ ಜಾಗ ಕೊಟ್ಟಿವೆ.

ಜರ್ಮನಿ ಒಕ್ಕೂಟ ರಾಷ್ಟ್ರ. ಫ್ರಾಂಕ್‌ಫರ್ಟ್ ಯುರೋಪಿನ ಅತಿ ದೊಡ್ಡ ನಿಲ್ದಾಣಗಳಲ್ಲಿ ಒಂದು. ಅಲ್ಲಿ ಹೊಸ ಓಡುದಾರಿಗೆ ಮಂಜೂರಾತಿ ಕೊಟ್ಟದ್ದು ಹೆಸ್ಸೆ ರಾಜ್ಯ ಸರ್ಕಾರ. ರಾತ್ರಿ 11ರಿಂದ ಬೆಳಿಗ್ಗೆ 5ರ ನಡುವೆ ಸರಾಸರಿ 17 ಹಾರಾಟಗಳಿಗೆ ಆ ಮಂಜೂರಾತಿ ಕೊಟ್ಟಿದ್ದ ಅವಕಾಶವನ್ನು ರಾಜ್ಯದ ಆಡಳಿತ ನ್ಯಾಯಾಲಯ ತಡೆಯಿತು. 2012ರಲ್ಲಿ ಒಕ್ಕೂಟದ ಉನ್ನತ ಆಡಳಿತ ನ್ಯಾಯಾಲಯ ರಾತ್ರಿ ನಿಷೇಧವನ್ನು ಖಚಿತಪಡಿಸಿತು. ನಿಲ್ದಾಣ ಮುಚ್ಚಲಿಲ್ಲ, ಅದರ ಅಂತರರಾಷ್ಟ್ರೀಯ ಸ್ಥಾನವೂ ಹೋಗಲಿಲ್ಲ. ಬ್ರಿಟನ್ನಿನ ಹೀಥ್ರೂ ರಾತ್ರಿ ಹಾರಾಟಗಳ ಬಗೆಗಿನ ಹ್ಯಾಟನ್ ಪ್ರಕರಣದಲ್ಲಿ, 2003ರಲ್ಲಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮನೆಯ ನೆಮ್ಮದಿಯ ಹಕ್ಕು ಉಲ್ಲಂಘನೆಯಾಗಿಲ್ಲ ಎಂದಿತು. ಆದರೆ ಆ ಹಕ್ಕನ್ನು ದೇಶದೊಳಗಿನ ನ್ಯಾಯಾಲಯದಲ್ಲಿ ಸರಿಯಾಗಿ ಪರಿಶೀಲಿಸುವ ಪರಿಹಾರ ಮಾರ್ಗ ಇರಲಿಲ್ಲವಾದ್ದರಿಂದ ಸರ್ಕಾರದ್ದು ತಪ್ಪು ಎಂದಿತು. ನಿರ್ಧಾರ ಕೇಂದ್ರದ್ದೇ ಆದರೂ ಜನರಿಗೆ ಕೇಳುವ ಕಿವಿಯೊಂದು ಇರಲೇಬೇಕು ಎಂಬುದು ಇದರ ತಿರುಳು.

7. ನಮ್ಮ ಸಂವಿಧಾನದಲ್ಲಿ

ಈ ಚರ್ಚೆ ನಮಗೆ ದೂರದ್ದಲ್ಲ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯ 29ನೆಯ ನಮೂದು ವಿಮಾನಗಳು, ವಿಮಾನ ನಿಲ್ದಾಣಗಳು ಮತ್ತು ವಾಯುಸಂಚಾರದ ನಿಯಂತ್ರಣವನ್ನು ಸಂಸತ್ತಿಗೆ ಕೊಡುತ್ತದೆ. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ. ಅಮೆರಿಕದ ನ್ಯಾಯಾಲಯಗಳು ದಶಕಗಳ ಕಾಲ ವ್ಯಾಖ್ಯಾನಿಸಬೇಕಾದ ಗೆರೆ ನಮ್ಮಲ್ಲಿ ಮೊದಲೇ ಎಳೆದದ್ದು. 1934ರ ವಿಮಾನ ಕಾಯ್ದೆಯ 17ನೆಯ ಪ್ರಕರಣ ಇನ್ನೂ ಮುಂದೆ ಹೋಗಿತ್ತು: ಸಮಂಜಸ ಎತ್ತರದಲ್ಲಿ, ನಿಯಮ ಪಾಲಿಸಿ ಹಾರಿದ ವಿಮಾನದ ವಿರುದ್ಧ ಅತಿಕ್ರಮಣವೆಂದಾಗಲಿ ಉಪದ್ರವವೆಂದಾಗಲಿ ದಾವೆ ಹೂಡುವಂತಿಲ್ಲ. ಆ ಕಾಯ್ದೆಯ ಜಾಗಕ್ಕೆ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ವಿಮಾನ ನಿಲ್ದಾಣಗಳ ಸುತ್ತಲಿನ ಪ್ರದೇಶಕ್ಕೆ 2018ರಲ್ಲಿ ಕೇಂದ್ರ ಇದಕ್ಕಿಂತ ಸಡಿಲವಾದ ಪ್ರತ್ಯೇಕ ಮಾನದಂಡ ಗೊತ್ತು ಮಾಡಿತು.

ದೇವನಹಳ್ಳಿಯಲ್ಲಿ 2008ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. 2019ರಲ್ಲಿ ಎರಡನೆಯ ಓಡುದಾರಿ ಬಂತು. ಸುತ್ತಲಿನ ಭೂಬಳಕೆ ನೋಡಿಕೊಳ್ಳಲು ರಾಜ್ಯದ ಯೋಜನಾ ಪ್ರಾಧಿಕಾರವಿದೆ. ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ಅದು ಹೇಳಬಲ್ಲದು. ವಿಮಾನ ಯಾವ ಹೊತ್ತಿಗೆ ಹಾರಬೇಕು ಎಂದು ಹೇಳಲಾರದು. ನಿಲ್ದಾಣ ಬರುವ ಎಷ್ಟೋ ಮೊದಲೇ ಅಲ್ಲಿದ್ದ ಹಳ್ಳಿಗಳಿಗೆ ಭೂಬಳಕೆಯ ನಿಯಮದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಸದ್ದಿನ ಹತ್ತಿರ ಹೊಸ ಮನೆ ಬಾರದಂತೆ ತಡೆಯುವುದು ಬೇರೆ, ಹಳೆಯ ಮನೆಯ ಹತ್ತಿರ ಹೊಸ ಸದ್ದು ಬಂದಾಗ ಉತ್ತರಿಸುವುದು ಬೇರೆ.

8. ನ್ಯಾಯಯುತ ಹಂಚಿಕೆಯ ತತ್ತ್ವಗಳು

ಪ್ರತಿ ಊರೂ ತನ್ನ ಆಕಾಶಕ್ಕೆ ಬೇಲಿ ಹಾಕಲಿ ಎಂಬುದು ನನ್ನ ವಾದವಲ್ಲ. ಹಾರಾಟದ ಸುರಕ್ಷತೆ, ಆಕಾಶದ ದಾರಿ, ಎಂಜಿನ್ನಿನ ಮಾನದಂಡ ಕೇಂದ್ರದಲ್ಲೇ ಇರಬೇಕು. ಆ ಮಿತಿಯೊಳಗೆ ಮೂರು ತತ್ತ್ವಗಳನ್ನು ನಿಮ್ಮ ಪರಿಶೀಲನೆಗೆ ಇಡುತ್ತೇನೆ.

ಮೊದಲನೆಯದು, ನಿರ್ಧಾರ ಮಾಡಿದವರೇ ಪರಿಹಾರ ಕೊಡಬೇಕು. ರಾತ್ರಿ ನಿಷೇಧಕ್ಕೆ ಕೇಂದ್ರ ಒಪ್ಪಿಗೆ ಕೊಡದಿದ್ದರೆ, ಆ ನಿರಾಕರಣೆಯಿಂದ ಮುಂದುವರಿಯುವ ಹಾನಿಯ ಬೆಲೆಯಲ್ಲಿ ಕೇಂದ್ರಕ್ಕೆ ಪಾಲಿರಬೇಕು. ನ್ಯಾಯಮೂರ್ತಿ ಬ್ಲ್ಯಾಕ್ 1962ರಲ್ಲಿ ಹೇಳಿದ್ದರ ಸಾರ ಇದೇ. ಬೆಲೆ ತೆರಬೇಕಾದಾಗ ಮಾತ್ರ ಯಾವ ಸಂಸ್ಥೆಯೂ ಇನ್ನೊಬ್ಬರ ನಿದ್ದೆಯನ್ನು ಸರಿಯಾಗಿ ತೂಗುತ್ತದೆ.

ಎರಡನೆಯದು, ರಾತ್ರಿಯ ಕೆಲವು ಗಂಟೆಗಳ ಮಟ್ಟಿಗೆ ಪುರಾವೆಯ ಭಾರ ತಿರುಗಬೇಕು. ಇಂದು ಮೌನ ಬೇಕೆನ್ನುವ ಊರು ವರ್ಷಗಟ್ಟಲೆ ಅಧ್ಯಯನ ನಡೆಸಿ ಸಾಬೀತು ಮಾಡಬೇಕು. ಅದರ ಬದಲು, ಆ ಹೊತ್ತಿನಲ್ಲಿ ಹಾರಾಟ ಅನಿವಾರ್ಯವೆಂದು ಹಾರಿಸುವವರು ತೋರಿಸಲಿ. ಆಂಬುಲೆನ್ಸ್ ವಿಮಾನಕ್ಕೆ, ತುರ್ತು ಇಳಿತಕ್ಕೆ, ಅಗತ್ಯ ಸರಕಿಗೆ ಅದು ಕಷ್ಟವಾಗುವುದಿಲ್ಲ.

ಮೂರನೆಯದು, ಕೇಳಿಸಿಕೊಳ್ಳದೆ ದಾರಿ ಬದಲಿಸಬಾರದು. 2014ರಲ್ಲಿ ಫೀನಿಕ್ಸ್ ನಗರದ ಮೇಲೆ ಹಾರಾಟದ ದಾರಿಗಳು ಬದಲಾದವು. ಶಾಂತವಾಗಿದ್ದ ಹಳೆಯ ಬಡಾವಣೆಗಳ ಮೇಲೆ ವಿಮಾನಗಳ ಸಾಲು ಬಂತು. ನಗರದೊಂದಿಗೂ ನಿವಾಸಿಗಳೊಂದಿಗೂ ಸರಿಯಾಗಿ ಸಮಾಲೋಚಿಸದ ಆ ಕ್ರಮ ಸ್ವೇಚ್ಛೆಯದು ಎಂದು 2017ರಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನಿರ್ಬಂಧ ಹೇರುವ ಅಧಿಕಾರವಿಲ್ಲದ ಊರಿಗೂ ಅಹವಾಲು ಹೇಳುವ ಹಕ್ಕಿದೆ ಎಂಬ ಈ ತತ್ತ್ವವನ್ನು ಮುಂದಿನ ಕಾನೂನುಗಳು ಸ್ಪಷ್ಟ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು. ಓಡುದಾರಿಗಳು, ನಿಲ್ದಾಣಗಳು ವೇಗವಾಗಿ ಹೆಚ್ಚುತ್ತಿರುವ ನಮ್ಮ ದೇಶಕ್ಕೆ ಈ ಕೆಲಸ ಇನ್ನೂ ತುರ್ತಿನದು. ಒಮ್ಮೆ ಓಡುದಾರಿ ಬಂದ ಮೇಲೆ ಕಾನೂನು ತಿದ್ದುವುದು ಎಷ್ಟು ಕಷ್ಟ ಎಂಬುದಕ್ಕೆ ಬರ್ಬ್ಯಾಂಕಿನ ನಾಲ್ಕು ದಶಕ ಸಾಕ್ಷಿ.

ಮಿತ್ರರೇ, ಒಕ್ಕೂಟ ವ್ಯವಸ್ಥೆಯನ್ನು ನಾವು ಸಾಮಾನ್ಯವಾಗಿ ತೆರಿಗೆ, ಭಾಷೆ, ನದಿನೀರುಗಳ ಮೂಲಕ ಅಳೆಯುತ್ತೇವೆ. ಒಬ್ಬ ಸಾಮಾನ್ಯ ನಾಗರಿಕ ತನ್ನ ಮನೆಯ ನೆಮ್ಮದಿ ಕೆಟ್ಟಾಗ ಯಾರ ಬಾಗಿಲಿಗೆ ಹೋಗಬೇಕು, ಅಲ್ಲಿ ಕುಳಿತವರಿಗೆ ಏನಾದರೂ ಮಾಡುವ ಅಧಿಕಾರವಿದೆಯೇ ಎಂಬುದೂ ಅದರ ಅಳತೆಯೇ. ದೂರು ಕೇಳುವ ನಗರಸಭೆಗೆ ಅಧಿಕಾರವಿಲ್ಲ, ಅಧಿಕಾರವಿರುವ ಕೇಂದ್ರ ದೂರುದಾರನಿಗೆ ಕಾಣುವುದೇ ಇಲ್ಲ ಎಂಬ ಸ್ಥಿತಿಯನ್ನು ಏಕರೂಪತೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಹೊಣೆಯನ್ನೂ ಅಧಿಕಾರವನ್ನೂ ಮತ್ತೆ ಒಂದೇ ಕೈಗೆ ತರುವುದು, ಅದಾಗದ ಕಡೆ ಎರಡನ್ನೂ ಇಬ್ಬರೂ ಹಂಚಿಕೊಳ್ಳುವಂತೆ ಮಾಡುವುದು ಶಾಸನಸಭೆಗಳ ಕರ್ತವ್ಯ. ಆ ಕರ್ತವ್ಯವನ್ನು ಅವುಗಳಿಗೆ ನೆನಪಿಸುತ್ತಿರುವುದು ನಾಗರಿಕರಾದ ನಮ್ಮೆಲ್ಲರ ಕೆಲಸ.